ರಬ್ಬರ್ ಟ್ಯಾಪಿಂಗಿಗೆ ಮನೆಯಲ್ಲೇ ಕಟ್ಟುವ ಸೋಲಾರ್ ಹೆಡ್‌ಲೈಟ್: ಪ್ರಶ್ನೋತ್ತರ

ಪ್ರಶ್ನೆ (ರಬ್ಬರ್ ಬೆಳೆಗಾರರು, ಸುಳ್ಯ ತಾಲ್ಲೂಕು): ನಮ್ಮದು ಸಣ್ಣ ರಬ್ಬರ್ ತೋಟ, ಟ್ಯಾಪಿಂಗ್ ಕೆಲಸವನ್ನು ನಾನೇ ಮಾಡುತ್ತೇನೆ. ಬೆಳಗಿನ ಜಾವ ತೋಟಕ್ಕೆ ಇಳಿದರೆ ಬೆಳಕು ಹರಿಯುವವರೆಗೆ ಸುಮಾರು ಮೂರು ಗಂಟೆ ತಲೆಗೆ ಕಟ್ಟಿದ ಲೈಟೇ ಆಸರೆ. ಅಂಗಡಿಯಿಂದ ತಂದ ಲೈಟುಗಳು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೈಕೊಡುತ್ತವೆ, ಜೊತೆಗೆ ಆಟಿ ತಿಂಗಳ (ಜುಲೈ-ಆಗಸ್ಟ್) ಗಾಳಿಮಳೆಗೆ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಸೋಲಾರಿನಿಂದ ಚಾರ್ಜ್ ಆಗುವ ಲೈಟನ್ನು ನಾನೇ ಕಟ್ಟಬೇಕೆಂದಿದ್ದೇನೆ. ಬೆಸುಗೆ ಹಾಕಲು ಬರುತ್ತದೆ, ಮಲ್ಟಿಮೀಟರ್ ಇದೆ. 18650 ಲಿಥಿಯಂ ಅಯಾನ್ ಸೆಲ್, ಟಿಪಿ4056 ಚಾರ್ಜರ್ ಬೋರ್ಡು, 6 ವೋಲ್ಟಿನ 1 ವ್ಯಾಟ್ ಪ್ಯಾನಲ್ ಮತ್ತು 3 ವ್ಯಾಟಿನ ಎಲ್‌ಇಡಿ ತರಿಸಬೇಕೆಂದು ಪಟ್ಟಿ ಮಾಡಿಕೊಂಡಿದ್ದೇನೆ. ಇಷ್ಟು ಸಾಕೆ?

ಉತ್ತರ (ಎಲ್‌ಇಡಿ ದೀಪಗಳ ಸರ್ಕಿಟ್ ವಿನ್ಯಾಸಕರು): ನಿಮ್ಮ ಪಟ್ಟಿಯಲ್ಲಿರುವ ಯಾವುದೂ ಕೆಟ್ಟ ವಸ್ತುವಲ್ಲ, ಆದರೆ ಅವು ಒಂದಕ್ಕೊಂದು ಸರಿಯಾಗಿ ಹೊಂದುವುದಿಲ್ಲ. ಲೆಕ್ಕವನ್ನು ಪ್ಯಾನಲಿನಿಂದಲೋ ಬ್ಯಾಟರಿಯಿಂದಲೋ ಶುರು ಮಾಡಬೇಡಿ, ಮರದ ತೊಗಟೆಯ ಮೇಲೆ ಎಷ್ಟು ಬೆಳಕು ಬೀಳಬೇಕು ಎಂಬಲ್ಲಿಂದ ಶುರು ಮಾಡಿ. ಅಲ್ಲಿ ಉಳಿಸಿದ ಒಂದೊಂದು ಮಿಲಿವ್ಯಾಟೂ ಸೆಲ್ಲಿನ ತೂಕದಲ್ಲಿ, ಪ್ಯಾನಲಿನ ಗಾತ್ರದಲ್ಲಿ, ಮಳೆಗಾಲದ ನೆಮ್ಮದಿಯಲ್ಲಿ ಹಿಂದಿರುಗುತ್ತದೆ.

ಟ್ಯಾಪಿಂಗ್ ಮಾಡುವಾಗ ತೊಗಟೆ ನಿಮ್ಮ ಹಣೆಯಿಂದ ಹೆಚ್ಚೆಂದರೆ ಅರ್ಧ ಮೀಟರ್ ದೂರದಲ್ಲಿರುತ್ತದೆ. ಕತ್ತಿಯ ಬಾಯಿ ತೊಗಟೆಯ ಒಳಗಿರುವ ಕೇಂಬಿಯಂ ಎಂಬ ಬೆಳೆಯುವ ಪದರಕ್ಕೆ ಸುಮಾರು ಒಂದು ಮಿಲಿಮೀಟರ್ ಉಳಿದಿರುವಾಗ ನಿಲ್ಲಬೇಕಾದ್ದರಿಂದ, ನಿಮಗೆ ಬೇಕಾದದ್ದು ಪದರಗಳ ಬಣ್ಣವನ್ನು ಬೇರೆಬೇರೆಯಾಗಿ ತೋರಿಸುವ, ಹದವಾದ, ಕಣ್ಣು ಕುಕ್ಕದ ಬೆಳಕು. ದೂರಕ್ಕೆ ಹೊಡೆಯುವ ಬೆಳಕಿನಿಂದ ಈ ಕೆಲಸಕ್ಕೆ ಪ್ರಯೋಜನವಿಲ್ಲ. 60 ಡಿಗ್ರಿ ಹರಡುವ ಲೆನ್ಸಿನ ಹಿಂದೆ 40 ಲ್ಯೂಮೆನ್ (ಹೊರಬರುವ ಒಟ್ಟು ಬೆಳಕಿನ ಅಳತೆ) ಕೊಡುವ ಎಲ್‌ಇಡಿ ಇದ್ದರೆ ಅರ್ಧ ಮೀಟರ್ ದೂರದಲ್ಲಿ 100 ಲಕ್ಸಿಗಿಂತ (ಮೇಲ್ಮೈಯ ಮೇಲೆ ಬೀಳುವ ಬೆಳಕಿನ ಅಳತೆ) ಹೆಚ್ಚೇ ಸಿಗುತ್ತದೆ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಅದು ಧಾರಾಳ.

ಇನ್ನು ಎಲ್‌ಇಡಿ. ಅದರ ಮೇಲೆ 3 ವ್ಯಾಟ್ ಎಂದು ಬರೆದಿದ್ದರೆ ಅದು ತಾಳಿಕೊಳ್ಳುವ ಮಿತಿಯೇ ಹೊರತು ಅಷ್ಟು ಕೊಡಲೇಬೇಕೆಂದಲ್ಲ. ಬಿಳಿ ಎಲ್‌ಇಡಿಗಳ ದಕ್ಷತೆ ಕರೆಂಟು ಏರಿದಂತೆ ಇಳಿಯುತ್ತದೆ, ಆದ್ದರಿಂದ ದೊಡ್ಡ ಎಲ್‌ಇಡಿಯನ್ನು ಅದರ ಸಾಮರ್ಥ್ಯದ ಹತ್ತನೇ ಒಂದು ಭಾಗದಲ್ಲಿ ಉರಿಸುವುದೇ ಜಾಣತನ. ಒಳ್ಳೆಯ ತಯಾರಿಕೆಯ ಎಲ್‌ಇಡಿ 100 ಮಿಲಿಆಂಪಿಯರಿನಲ್ಲಿ ಸುಮಾರು 2.8 ವೋಲ್ಟ್ ತೆಗೆದುಕೊಂಡು ವ್ಯಾಟಿಗೆ 140 ಲ್ಯೂಮೆನ್ನಿನ ಆಸುಪಾಸಿನಲ್ಲಿ ಕೊಡುತ್ತದೆ. ಎಂದರೆ ನಿಮ್ಮ 40 ಲ್ಯೂಮೆನ್ನಿಗೆ ಬೇಕಾದದ್ದು ಕೇವಲ 0.28 ವ್ಯಾಟ್, ಅದಕ್ಕೆ ಹೀಟ್‌ಸಿಂಕ್ ಕೂಡ ಬೇಡ. ಕೊಳ್ಳುವಾಗ ಬೆಳಕಿನ ಬಣ್ಣದ ಅಳತೆ 4000 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆ ಇರುವ, ಬಣ್ಣ ತೋರುವ ಸೂಚ್ಯಂಕ 80ಕ್ಕಿಂತ ಹೆಚ್ಚಿರುವ ಎಲ್‌ಇಡಿಯನ್ನೇ ಕೇಳಿ ಪಡೆಯಿರಿ. ನೀಲಿ ಮಿಶ್ರಿತ 6500 ಕೆಲ್ವಿನ್ ಬೆಳಕಿಗೆ ಹುಳುಹುಪ್ಪಟೆ ಹೆಚ್ಚು ಮುತ್ತುತ್ತವೆ, ತೊಗಟೆಯ ಕಂದು ಛಾಯೆಗಳೂ ಅದರಲ್ಲಿ ಒಂದೇ ಸಮನಾಗಿ ಕಾಣುತ್ತವೆ. ತರಗೆಲೆಯ ನಡುವೆ ಮಲಗಿರುವ ಹಾವಿನ ವಿಚಾರದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ, ಹಾಗಾಗಿ ಇದರಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡಿ.

ನಾನು ಬದಲಿಸಿ ಎನ್ನುವ ಮುಖ್ಯ ವಸ್ತು ಸೆಲ್. ಲಿಥಿಯಂ ಅಯಾನ್ ಸೆಲ್ ತುಂಬಿದಾಗ 4.2 ವೋಲ್ಟ್ ಇರುತ್ತದೆ, ಸರಾಸರಿ 3.7. ಎಲ್‌ಇಡಿಗೆ ಬೇಕಾದದ್ದು 2.8 ಆದ್ದರಿಂದ, ನಡುವೆ ರೆಸಿಸ್ಟರ್ ಹಾಕಿದರೆ ಸುಮಾರು ಕಾಲು ಭಾಗ ಶಕ್ತಿ ಬಿಸಿಯಾಗಿ ಹೋಗುತ್ತದೆ. ಅದೇ 18650 ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ತನ್ನ ಬಹುಪಾಲು ಚಾರ್ಜನ್ನು 3.3ರಿಂದ 3.2 ವೋಲ್ಟಿನ ನಡುವೆಯೇ ಕೊಟ್ಟು ಮುಗಿಸುತ್ತದೆ. 3.9 ಓಮಿನ ಒಂದು ರೆಸಿಸ್ಟರ್ ಹಾಕಿದರೆ ಹೆಚ್ಚುಕಡಿಮೆ 100 ಮಿಲಿಆಂಪಿಯರ್ ಹರಿಯುತ್ತದೆ, ದಕ್ಷತೆ 2.8 ಭಾಗಿಸು 3.2, ಅಂದರೆ ಶೇಕಡಾ 87. ಅಗ್ಗದ ಕನ್ವರ್ಟರ್ ಬೋರ್ಡುಗಳು ಇಷ್ಟು ಸಣ್ಣ ಕರೆಂಟಿನಲ್ಲಿ ಇದನ್ನು ಮೀರಿಸುವುದು ಅಪರೂಪ. ಈ ಫಾಸ್ಫೇಟ್ ಸೆಲ್ಲಿನ ಸಾಮರ್ಥ್ಯ 1500 ಮಿಲಿಆಂಪಿಯರ್ ಅವರ್, ಅಂದರೆ ಲಿಥಿಯಂ ಅಯಾನಿನ ಅರ್ಧದಷ್ಟೇ ಎಂಬುದು ನಿಜ. ಆದರೆ ಇದು ಸಾಮಾನ್ಯವಾಗಿ ಸಾವಿರಾರು ಸಲ ಚಾರ್ಜ್ ತಾಳುತ್ತದೆ, ಏಟು ಬಿದ್ದರೆ ಬೆಂಕಿ ಹಿಡಿಯುವ ಸಾಧ್ಯತೆಯೂ ಬಹಳ ಕಡಿಮೆ. ತಲೆಯ ಮೇಲೆ ಹೊತ್ತುಕೊಳ್ಳುವ ವಸ್ತುವಿಗೆ ಈ ಎರಡನೆಯ ಗುಣವೊಂದೇ ನನಗೆ ಸಾಕು.

ಮರದಿಂದ ಮರಕ್ಕೆ ನಡೆಯುವಾಗ ಜಾಸ್ತಿ ಬೆಳಕು ಬೇಕೆನಿಸಿದರೆ ರೆಸಿಸ್ಟರಿಗೆ ಬದಲಾಗಿ ಎಎಂಸಿ7135 ಎಂಬ ಪುಟ್ಟ ಐಸಿಗೆ ದಾಟಿಸುವ ಎರಡನೆಯ ಸ್ಥಾನವನ್ನು ಸ್ವಿಚ್ಚಿನಲ್ಲಿ ಇಡಿ. ಅದು 350 ಮಿಲಿಆಂಪಿಯರನ್ನು ಸ್ಥಿರವಾಗಿ ಕೊಡುತ್ತದೆ, ತನಗೆಂದು 0.12 ವೋಲ್ಟಿನಷ್ಟನ್ನೇ ಬೇಡುತ್ತದೆ. ಮೂರು ಗಂಟೆ ಸಣ್ಣ ಬೆಳಕು, ಒಟ್ಟು ಅರ್ಧ ಗಂಟೆ ದೊಡ್ಡ ಬೆಳಕು ಎಂದುಕೊಂಡರೆ ದಿನಕ್ಕೆ 475 ಮಿಲಿಆಂಪಿಯರ್ ಅವರ್ ಖರ್ಚು. ತುಂಬಿದ ಸೆಲ್ ಬಿಸಿಲನ್ನೇ ಕಾಣದೆ ಮೂರು ದಿನ ನಡೆಸುತ್ತದೆ.

ಈಗ ಪ್ಯಾನಲಿಗೆ ಬರೋಣ. ಬೇಸಿಗೆಯಲ್ಲಿ ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಶಕ್ತಿ ಸಿಗುವುದರಿಂದ ನಿಮ್ಮ 1 ವ್ಯಾಟ್ ಪ್ಯಾನಲ್ 800 ಮಿಲಿಆಂಪಿಯರ್ ಅವರ್ ಕೊಟ್ಟೀತು. ಆದರೆ ದಟ್ಟ ಮೋಡದ ದಿನ ಪ್ಯಾನಲಿನಿಂದ ಅದರ ಹತ್ತರಿಂದ ಇಪ್ಪತ್ತು ಶೇಕಡಾ ಮಾತ್ರ ನಿರೀಕ್ಷಿಸಬೇಕು. ಶೇಕಡಾ 15 ಎಂದು ಹಿಡಿದರೆ 120 ಮಿಲಿಆಂಪಿಯರ್ ಅವರ್, ಎಂದರೆ ನಿಮ್ಮ ಅಗತ್ಯದ ಕಾಲು ಭಾಗ. 3 ವ್ಯಾಟಿನ ಪ್ಯಾನಲ್ ಹಾಕಿ, ನಡುವೆ ಸ್ವಿಚಿಂಗ್ ಮಾದರಿಯ ಚಾರ್ಜರ್ ಇಟ್ಟರೆ, ಪ್ಯಾನಲಿನ 6 ವೋಲ್ಟ್ ಮತ್ತು ಸೆಲ್ಲಿನ 3.3 ವೋಲ್ಟಿನ ನಡುವಿನ ವ್ಯತ್ಯಾಸ ವ್ಯರ್ಥವಾಗದೆ ಕರೆಂಟಾಗಿ ಬದಲಾಗಿ, ಅದೇ ಮೋಡದ ದಿನ 500 ಮಿಲಿಆಂಪಿಯರ್ ಅವರಿನ ಹತ್ತಿರಕ್ಕೆ ಬರುತ್ತೀರಿ. ದುಬಾರಿ ಎಲೆಕ್ಟ್ರಾನಿಕ್ಸಿಗೆ ಹಣ ಹಾಕುವುದಾದರೆ ಎಲ್‌ಇಡಿಯ ಕಡೆಗಲ್ಲ, ಈ ಚಾರ್ಜಿಂಗ್ ಕಡೆಗೆ ಹಾಕಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಟಿಪಿ4056 ಇಲ್ಲಿ ಸಲ್ಲದು. ಅದು 4.2 ವೋಲ್ಟಿನವರೆಗೆ ಏರಿಸುತ್ತದೆ, ಫಾಸ್ಫೇಟ್ ಸೆಲ್ಲಿನ ಮಿತಿ 3.65 ವೋಲ್ಟ್. 3.6 ವೋಲ್ಟಿಗೆ ನಿಲ್ಲುವ ಮತ್ತು ಪ್ಯಾನಲಿನ ವೋಲ್ಟೇಜನ್ನು 5ರ ಆಸುಪಾಸಿನಲ್ಲಿ ಹಿಡಿದಿಡುವ ಚಾರ್ಜರನ್ನೇ ಆರಿಸಿ. ಹಿಡಿದಿಡುವ ಗುಣ ಯಾಕೆ ಬೇಕೆಂದರೆ, ಸಾಮಾನ್ಯ ಸ್ವಿಚಿಂಗ್ ಚಾರ್ಜರ್ ತನಗೆ ನಿಗದಿಯಾದ ಕರೆಂಟನ್ನು ಮೋಡದ ದಿನವೂ ಕೇಳುತ್ತದೆ, ಪ್ಯಾನಲ್ ಕೊಡಲಾರದೆ ಅದರ ವೋಲ್ಟೇಜ್ ಕುಸಿಯುತ್ತದೆ, ಚಾರ್ಜರ್ ನಿಂತುಹೋಗುತ್ತದೆ, ವೋಲ್ಟೇಜ್ ಏರಿದೊಡನೆ ಮತ್ತೆ ಶುರುವಾಗಿ ಮತ್ತೆ ಕುಸಿಯುತ್ತದೆ. ಸಂಜೆಯವರೆಗೂ ಹೀಗೆಯೇ ನಡೆದು ಸೆಲ್ಲಿಗೆ ಏನೂ ಸೇರಿರುವುದಿಲ್ಲ.

ಪ್ರಶ್ನೆ (ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು): ಎರಡು ಸ್ಥಾನದ ಸ್ವಿಚ್ಚಿನ ಬದಲು ಒಂದು ಮೈಕ್ರೋಕಂಟ್ರೋಲರ್ ಇಟ್ಟು, ಅದೇ ಎಎಂಸಿ7135 ಅನ್ನು ಪಿಡಬ್ಲ್ಯುಎಂ ಮೂಲಕ, ಎಂದರೆ ಅತಿ ವೇಗವಾಗಿ ಹೊತ್ತಿಸಿ ಆರಿಸುತ್ತ ನಡೆಸಿದರೆ ಬೇಕಾದಷ್ಟು ಹಂತದ ಬೆಳಕು ಸಿಗುವುದಿಲ್ಲವೆ?

ಉತ್ತರ: ಸಿಗುತ್ತದೆ, ಆದರೆ ದಕ್ಷತೆ ಕಳೆದುಕೊಳ್ಳುತ್ತೀರಿ. ಪಿಡಬ್ಲ್ಯುಎಂನಲ್ಲಿ ಎಲ್‌ಇಡಿ ಉರಿಯುವ ಪ್ರತಿ ಕ್ಷಣವೂ 350 ಮಿಲಿಆಂಪಿಯರಿನಲ್ಲೇ ಉರಿಯುತ್ತದೆ. ಸರಾಸರಿ 100 ಆದರೂ ದಕ್ಷತೆ ಮಾತ್ರ 350ರದ್ದೇ, ಹಾಗಾಗಿ ಕಡಿಮೆ ಕರೆಂಟಿನ ಲಾಭ ಕೈತಪ್ಪುತ್ತದೆ. ಸ್ಥಿರ ಕರೆಂಟಿನಲ್ಲಿ ಮಿನುಗುವಿಕೆಯೂ ಇರುವುದಿಲ್ಲ, ಚಲಿಸುವ ಕತ್ತಿಯನ್ನು ಗಂಟೆಗಟ್ಟಲೆ ನೋಡುವ ಕಣ್ಣಿಗೆ ಅದು ಹಿತ.

ಇನ್ನೊಂದು ವಿಷಯವನ್ನು ಎಲ್ಲರೂ ಗಮನಿಸಬೇಕು. ಚಾರ್ಜರ್ ಬೋರ್ಡುಗಳ ಮೇಲೆ ಕೆಂಪಗೆ ಉರಿಯುವ ಸೂಚಕ ದೀಪವೊಂದು ಇರುತ್ತದೆ. ಬೋರ್ಡಿನ ವಿನ್ಯಾಸದಲ್ಲಿ ಅದು ಸೆಲ್ಲಿನಿಂದಲೇ ಉರಿಯುವಂತಿದ್ದು 2 ಮಿಲಿಆಂಪಿಯರ್ ಎಳೆದರೆ, ದಿನವಿಡೀ ಸೇರಿ 48 ಮಿಲಿಆಂಪಿಯರ್ ಅವರ್, ಅಂದರೆ ನಮ್ಮ ಇಡೀ ದಿನದ ಖರ್ಚಿನ ಹತ್ತನೇ ಒಂದು ಭಾಗ ಅದಕ್ಕೇ ಹೋಗುತ್ತದೆ. ಪ್ಯಾನಲ್ ಬಿಡಿಸಿದ ಮೇಲೂ ಅದು ಉರಿಯುತ್ತಿದ್ದರೆ ಅದರ ರೆಸಿಸ್ಟರನ್ನು ಬೆಸುಗೆ ಕಡ್ಡಿಯಿಂದ ಎಬ್ಬಿಸಿ ತೆಗೆದುಬಿಡಿ. ಬಳಿಕ ಸ್ವಿಚ್ ಆಫ್ ಮಾಡಿ, ಸೆಲ್ಲಿನ ಸಾಲಿನಲ್ಲಿ ಮೀಟರ್ ಇಟ್ಟು ನೋಡಿದರೆ ಕೆಲವು ಮೈಕ್ರೋಆಂಪಿಯರ್ ಮಾತ್ರ ಕಾಣಬೇಕು. ಅದಕ್ಕಿಂತ ಹೆಚ್ಚಿದ್ದರೆ ಕರೆಂಟು ಎಲ್ಲಿ ಸೋರುತ್ತಿದೆಯೆಂದು ಹುಡುಕದೆ ಡಬ್ಬಿ ಮುಚ್ಚಬೇಡಿ.

ಪ್ರಶ್ನೆ (ಸದಸ್ಯರು, ಬೆಳ್ತಂಗಡಿ): ಪ್ಯಾನಲನ್ನು ಟೊಪ್ಪಿಯ ಮೇಲೆಯೇ ಅಂಟಿಸಿದರೆ ಕೆಲಸ ಮಾಡುತ್ತಲೇ ಚಾರ್ಜ್ ಆಗುವುದಿಲ್ಲವೆ? ಹಳೆಯ ಲ್ಯಾಪ್‌ಟಾಪಿನಿಂದ ತೆಗೆದ 18650 ಸೆಲ್‌ಗಳೂ ನನ್ನ ಬಳಿ ಇವೆ.

ಉತ್ತರ: ಟೊಪ್ಪಿಯ ಮೇಲೆ ಬೇಡ. ಟ್ಯಾಪಿಂಗ್ ನಡೆಯುವುದೇ ಹಾಲು ಚೆನ್ನಾಗಿ ಹರಿಯುವ ಮುಂಜಾವಿನಲ್ಲಿ. ಹಾಲು ಎತ್ತುವ ಹೊತ್ತಿಗೆ ಬಿಸಿಲು ಬಂದರೂ ರಬ್ಬರ್ ಮರಗಳ ನೆರಳಿರುತ್ತದೆ. ಸಣ್ಣ ಪ್ಯಾನಲಿನ ಸೆಲ್‌ಗಳೆಲ್ಲ ಸರಣಿಯಲ್ಲಿ ಜೋಡಣೆಯಾಗಿರುವುದರಿಂದ ಒಂದೇ ಸೆಲ್ಲಿನ ಮೇಲೆ ಎಲೆಯ ನೆರಳು ಬಿದ್ದರೂ ಇಡೀ ಪ್ಯಾನಲಿನ ಕರೆಂಟು ಆ ಸೆಲ್ಲಿನ ಮಟ್ಟಕ್ಕೆ ಇಳಿಯುತ್ತದೆ. ಪ್ಯಾನಲನ್ನು ಮಾಡಿನ ಮೇಲೆ, ತೆಂಗಿನ ಗರಿಯ ನೆರಳೂ ತಾಗದ ಕಡೆ ಕಾಯಂ ಕೂರಿಸಿ, ವೈರನ್ನು ಜಗಲಿಗೆ ಇಳಿಸಿ, ಲೈಟನ್ನು ಅಲ್ಲಿ ತೂಗುಹಾಕಿ ಚಾರ್ಜ್ ಮಾಡಿ. ಸೆಲ್ 45 ಡಿಗ್ರಿಗಿಂತ ಹೆಚ್ಚು ಬಿಸಿಯಿರುವಾಗ ಚಾರ್ಜ್ ಆಗಬಾರದು, ಬಿಸಿಲಿಗೊಡ್ಡಿದ ಕಪ್ಪು ಡಬ್ಬಿಯ ಒಳಗೆ ಆ ಮಿತಿ ಬೇಗ ಮೀರುತ್ತದೆ. ಜೂನ್ ಮತ್ತು ಜುಲೈಯಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಮೋಡದ ಬೆಳಕೋ ಆಕಾಶದ ಎಲ್ಲ ಕಡೆಯಿಂದ ಬರುತ್ತದೆ. ಆದ್ದರಿಂದ ಕಡಿದಾದ ಓರೆ ಬೇಡ, ನೀರು ಹರಿದು ಕಸ ತೊಳೆದುಹೋಗುವಷ್ಟು, ಹತ್ತು ಡಿಗ್ರಿಯಷ್ಟು ಓರೆ ಸಾಕು. ಚಾರ್ಜರಿನಲ್ಲಿ ಹಿಮ್ಮುಖ ತಡೆ ಇಲ್ಲದಿದ್ದರೆ ರಾತ್ರಿ ಸೆಲ್ಲಿನಿಂದ ಪ್ಯಾನಲಿಗೆ ಸೋರದಂತೆ ಪ್ಯಾನಲಿನ ಧನ ತುದಿಗೆ 1ಎನ್5819 ಡಯೋಡ್ ಹಾಕಿ. ತಿರುಗಿಸಿ ಚುಚ್ಚಲು ಬಾರದಂತಹ ಪ್ಲಗ್ಗನ್ನೇ ಬಳಸಿ.

ಲ್ಯಾಪ್‌ಟಾಪಿನ ಸೆಲ್‌ಗಳನ್ನು ಮನೆಯೊಳಗಿನ ತುರ್ತು ದೀಪಕ್ಕೆ ಬಳಸಬಹುದು. ಅಲ್ಲಿಯೂ ಮೊದಲೇ 2 ವೋಲ್ಟಿಗಿಂತ ಕೆಳಗಿಳಿದ ಸೆಲ್‌ಗಳನ್ನು ಪಕ್ಕಕ್ಕಿಡಿ, ಉಳಿದವನ್ನು ಪೂರ್ತಿ ಚಾರ್ಜ್ ಮಾಡಿ ಎರಡು ವಾರ ಸುಮ್ಮನಿಟ್ಟು 4 ವೋಲ್ಟಿಗಿಂತ ಕೆಳಗೆ ಬಂದವನ್ನೂ ಬಿಡಿ. ಅವಕ್ಕೆ ಟಿಪಿ4056 ಸರಿಯೇ, ಆದರೆ ಡಿಡಬ್ಲ್ಯು01 ರಕ್ಷಣಾ ಐಸಿ ಇರುವ ಬೋರ್ಡನ್ನೇ ತನ್ನಿ. ಇತಿಹಾಸ ಗೊತ್ತಿಲ್ಲದ ಲಿಥಿಯಂ ಅಯಾನ್ ಸೆಲ್ಲನ್ನು ತಲೆಗೆ ಕಟ್ಟಿಕೊಳ್ಳಲು ಮಾತ್ರ ನಾನು ಯಾರಿಗೂ ಹೇಳಲಾರೆ. ಡಿಡಬ್ಲ್ಯು01 ಐಸಿ 4.3 ವೋಲ್ಟಿನವರೆಗೆ ಸುಮ್ಮನಿರುವುದರಿಂದ ಫಾಸ್ಫೇಟ್ ಸೆಲ್ಲಿಗೆ ಅದು ರಕ್ಷಣೆಯಾಗುವುದಿಲ್ಲ, ಅದಕ್ಕೆಂದೇ ಇರುವ ಬೋರ್ಡನ್ನು ಕೇಳಬೇಕು.

ಪ್ರಶ್ನೆ (ಮೂಲ ಪ್ರಶ್ನೆ ಕೇಳಿದವರು): ಸೆಲ್ ಬದಲಿಸುವುದೆಂದು ತೀರ್ಮಾನಿಸಿದೆ. ನೀರು ಒಳಗೆ ಹೋಗದಂತೆ ಸಿಲಿಕೋನ್ ಹಚ್ಚಿ ಮುಚ್ಚಿದರೆ ಸಾಕಲ್ಲವೆ? ಹಿಂದಿನ ಲೈಟುಗಳಲ್ಲಿ ವೈರು ಹಸಿರುಗಟ್ಟಿ ತುಂಡಾಗುತ್ತಿತ್ತು.

ಉತ್ತರ: ಹಸಿರುಗಟ್ಟುವುದು ತಾಮ್ರ ತಿನ್ನಲ್ಪಡುತ್ತಿರುವುದರ ಗುರುತು. ಅದಕ್ಕೆ ಬರೀ ಮಳೆನೀರನ್ನು ದೂರುವಂತಿಲ್ಲ. ನಿಮ್ಮಲ್ಲಿ ಶೀಟು ಮಾಡಲು ಹಾಲಿಗೆ ಫಾರ್ಮಿಕ್ ಆಸಿಡ್ ಬೆರೆಸುವಿರಾದರೆ ಅದರ ಆವಿಯೇ ತಾಮ್ರವನ್ನು ತಿನ್ನುತ್ತದೆ, ಹಾಲು ಕೆಡದಂತೆ ಬಳಸುವ ಅಮೋನಿಯಾ ತಾಮ್ರಕ್ಕೂ ಹಿತ್ತಾಳೆಗೂ ಶತ್ರು. ಆದ್ದರಿಂದ ಲೈಟನ್ನು ಶೀಟಿನ ಕೊಟ್ಟಿಗೆಯಲ್ಲಿ ತೂಗುಹಾಕುವ ಅಭ್ಯಾಸವಿದ್ದರೆ ಇಂದೇ ಬಿಡಿ.

ಸಿಲಿಕೋನಿನಲ್ಲಿ ಎರಡು ಬಗೆಯಿದೆ. ಒಣಗುವಾಗ ವಿನೆಗರಿನ ಹುಳಿ ವಾಸನೆ ಬೀರುವುದು ಅಸಿಟಿಕ್ ಬಗೆ, ಅದು ಬಿಡುವ ಆಮ್ಲ ಮುಚ್ಚಿದ ಡಬ್ಬಿಯೊಳಗೆ ಉಳಿದು ಬೆಸುಗೆಯ ಅಂಚಿನಿಂದಲೇ ತಾಮ್ರವನ್ನು ಕೊರೆಯುತ್ತದೆ. ಟ್ಯೂಬಿನ ಮೇಲೆ ನ್ಯೂಟ್ರಲ್ ಎಂದು ಬರೆದಿರುವುದನ್ನೇ ಕೊಳ್ಳಿ. ಬೋರ್ಡಿಗೆ ಮೊದಲು ಕನ್ಫಾರ್ಮಲ್ ಕೋಟಿಂಗ್ (ತೇವ ತಾಗದಂತೆ ಕಾಯುವ ತೆಳು ಲೇಪ) ಬಳಿದು, ಚೆನ್ನಾಗಿ ಒಣಗಿದ ಮೇಲೆ ಬಿಸಿಲಿರುವ ದಿನ ನೋಡಿ ಡಬ್ಬಿ ಮುಚ್ಚಿ, ಯಾಕೆಂದರೆ ಆಟಿಯ ತೇವದಲ್ಲಿ ಮುಚ್ಚಿದರೆ ಆ ತೇವವೂ ಒಳಗೇ ಉಳಿದು ಲೆನ್ಸಿನ ಹಿಂದೆ ಮಂಜಾಗುತ್ತದೆ. ವೈರು ಡಬ್ಬಿಯಿಂದ ಕೆಳಮುಖವಾಗಿ ಹೊರಬಂದು ಒಂದು ಬಳಕು ತೆಗೆದುಕೊಂಡು ಮೇಲೇರಲಿ, ಆಗ ನೀರು ವೈರಿನ ಗುಂಟ ಒಳನುಗ್ಗದೆ ಬಳಕಿನ ತಳದಲ್ಲೇ ತೊಟ್ಟಿಕ್ಕುತ್ತದೆ. ಸೆಲ್ಲಿನ ಪಕ್ಕದಲ್ಲೇ 1 ಆಂಪಿಯರಿನ ತಾನೇ ಸರಿಹೋಗುವ ಫ್ಯೂಸ್ ಇರಲಿ. ಸೆಲ್ಲನ್ನು ತಲೆಯ ಹಿಂಬದಿಗೆ, ಎಲ್‌ಇಡಿಯನ್ನು ಮುಂಬದಿಗೆ ಇಟ್ಟರೆ ತೂಕ ಸಮನಾಗಿ ಪಟ್ಟಿ ಜಾರುವುದಿಲ್ಲ.

ಫಾಸ್ಫೇಟ್ ಸೆಲ್ಲಿನ ವೋಲ್ಟೇಜ್ ಕೊನೆಯವರೆಗೆ ಒಂದೇ ಸಮನಿದ್ದು ಆಮೇಲೆ ಒಮ್ಮೆಲೇ ಇಳಿಯುತ್ತದೆ, ಆದ್ದರಿಂದ ಮೀಟರ್ ಹಿಡಿದು ಎಷ್ಟು ಚಾರ್ಜ್ ಉಳಿದಿದೆಯೆಂದು ಊಹಿಸಲು ಹೋಗಬೇಡಿ. 2.8 ವೋಲ್ಟಿನ ಹತ್ತಿರ ಬಂದಾಗ ರೆಸಿಸ್ಟರಿನ ದಾರಿಯ ಬೆಳಕು ತಾನಾಗಿಯೇ ಮಂಕಾಗುತ್ತದೆ. ಆಗ ಕೈಯಲ್ಲಿರುವ ಮರವನ್ನು ಮುಗಿಸಿ ಮನೆಗೆ ಹೊರಡುವಷ್ಟು ಬೆಳಕು ಮಾತ್ರ ಉಳಿದಿರುತ್ತದೆ.