ಸ್ಲೀವ್ ಆಪರೇಷನ್ ಆದವರಿಗೆ ಮುದ್ದೆ ಯಾವಾಗಿಂದ ಕೊಡಬಹುದು?

ನಾಗಮಂಗಲದ ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಬೆಂಗಳೂರಲ್ಲಿ ತೂಕ ಇಳಿಸೋ ಸ್ಲೀವ್ ಆಪರೇಷನ್ ಆಗಿ ಎರಡು ತಿಂಗಳಾಗ್ತಾ ಬಂತು. ತೂಕ ಇಳೀತಿದೆ, ಶುಗರ್ ಮಾತ್ರೆಯನ್ನೂ ಡಾಕ್ಟರು ಕಮ್ಮಿ ಮಾಡಿದ್ದಾರೆ. ನನ್ನ ಚಿಂತೆಯೆಲ್ಲ ಊಟದ್ದು. ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ಓಟ್ಸ್, ಟೋಫು, ಬ್ರೊಕೊಲಿ ಸೂಪ್ ಅಂತೆಲ್ಲ ಇದೆ. ಇವರೋ ಚಿಕ್ಕಂದಿನಿಂದ ಎರಡು ಹೊತ್ತೂ ಮುದ್ದೆ ಉಂಡವರು. ಮೊನ್ನೆ ಅತ್ತೆ ತಡೀಲಾರದೆ "ರಾಗಿಗಿಂತ ಶಕ್ತಿ ಇನ್ಯಾವುದ್ರಲ್ಲೈತೆ, ನಿಂಬೆಹಣ್ಣಿನಷ್ಟು ತಿನ್ಲಿ ಬಿಡವ್ವ" ಅಂತ ಮುದ್ದೆಗೆ ಸೊಪ್ಪಿನ ಸಾರು ಬಿಟ್ಟು ಕೊಟ್ರು. ಎರಡು ತುತ್ತು ನುಂಗಿದ್ದೇ ತಡ, ಎದೆ ನಡುವೆ ಹಿಡ್ಕೊಂಡ ಹಾಗಾಗಿ, ಬಾಯಲ್ಲಿ ನೀರೂರಿ, ನೊರೆನೊರೆಯಾಗಿ ವಾಂತಿ ಆಯ್ತು. ಆಮೇಲೆ ಸರಿಹೋದ್ರು. ಅತ್ತೆ ಮಾತ್ರ ಅವತ್ತು ಊಟಾನೇ ಮಾಡಲಿಲ್ಲ. ಇನ್ನು ಮುದ್ದೆ ತಿನ್ನೋ ಹಾಗೇ ಇಲ್ವಾ? ನಮ್ಮ ಮನೆ ಅಡುಗೆಯಲ್ಲೇ ಏನು ಕೊಡಬಹುದು? ಇವರು ಬೆಳಗ್ಗೆ ತೋಟಕ್ಕೆ ಬೇರೆ ಹೋಗ್ತಾರೆ.

ಹಾಸನದ ಅಕ್ಕ:
ತಂಗಿ, ನನಗೆ ತೂಕ ಇಳಿಸೋಕೆ ಹೊಟ್ಟೆಯ ಬೈಪಾಸ್ ಆಪರೇಷನ್ (ಹೃದಯದ್ದಲ್ಲ) ಆಗಿ ಕೆಲವು ವರ್ಷ ಆಯ್ತು, ನಮ್ಮದೂ ಮುದ್ದೆ ಮನೆಯೇ. ಗಾಬರಿ ಆಗಬೇಡಿ. ರಾಗಿಯಿಂದ ತೊಂದರೆ ಆಗಿದ್ದಲ್ಲ, ನುಂಗಿದ್ದರಿಂದ ಆಗಿದ್ದು. ನಾವು ಮುದ್ದೆಯನ್ನ ಅಗಿಯೋ ಜನ ಅಲ್ಲ, ಸಾರಲ್ಲಿ ಅದ್ದಿ ಗುಳುಂ ಅಂತ ಇಳಿಸ್ತೀವಿ. ಸ್ಲೀವ್‌ನಲ್ಲಿ ಜಠರದ ಶೇಕಡಾ 75-80 ಭಾಗ ತೆಗೆದಿರ್ತಾರೆ, ಉಳಿಯೋದು ಬಾಳೆಕಾಯಿ ಆಕಾರದ ಸಣ್ಣ ಕೊಳವೆ. ಅಂಟಂಟಾದ ಉಂಡೆ ಅಲ್ಲಿ ಹೋಗಿ ಕೂತರೆ ಮುಂದಕ್ಕೂ ಜಾರಲ್ಲ. ಸದ್ಯಕ್ಕೆ ಮಜ್ಜಿಗೆ ಹಾಕಿದ ರಾಗಿ ಅಂಬಲಿ ಕೊಡಿ. ಮುಂದೆ ಡಾಕ್ಟರು ಒಪ್ಪಿದ ಮೇಲೆ ತೆಳುವಾದ ರಾಗಿ ದೋಸೆ, ಚೆನ್ನಾಗಿ ಅಗಿದು. ಮುದ್ದೆ ಕೊನೆಗೆ ಬರಲಿ, ಅದೂ ಮೆತ್ತಗೆ ತೊಳಸಿದ್ದು, ಕಡಲೆಕಾಳಿನಷ್ಟು ಮುರಿದು, ಅಗಿದು.

ಅತ್ತೆಯವರಿಗೆ ಇನ್ನೊಂದು ಮಾತು ಹೇಳಿ. ರಾಗಿಯಲ್ಲಿ ಸುಣ್ಣದಂಶ ಧಾರಾಳವಾಗಿದೆ, ಆದರೆ 100 ಗ್ರಾಂ ಹಿಟ್ಟಲ್ಲಿ ಪ್ರೋಟೀನ್ ಇರೋದು ಸುಮಾರು 7 ಗ್ರಾಂ. ಇವರಿಗೆ ದಿನಕ್ಕೆ 60 ಗ್ರಾಂ ಆದ್ರೂ ಬೇಕು. ಇರೋ ಪುಟ್ಟ ಜಾಗಾನ ರಾಗಿಯಿಂದ ತುಂಬಿದ್ರೆ ಪ್ರೋಟೀನ್ ಎಲ್ಲಿಗೆ ಹಾಕೋಣ? ಅದಕ್ಕೇ ತಟ್ಟೆಯಲ್ಲಿ ಮೊದಲು ಮೊಟ್ಟೆ, ಬೇಳೆ, ಮೊಸರು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಸಿಗುತ್ತೆ. ಮೊಸರನ್ನ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದು ಗಟ್ಟಿ ಮಾಡಿ ಕೊಡಿ. ಬಸ್ಸಾರಿನ ಕಟ್ಟಲ್ಲೇ ಸಾರವೆಲ್ಲ ಇದೆ ಅಂತ ನಮ್ಮ ಕಡೆ ನಂಬಿಕೆ. ಪ್ರೋಟೀನ್ ಬಹುಪಾಲು ಉಳಿಯೋದು ಬೆಂದ ಕಾಳಲ್ಲೇ, ಅದನ್ನ ನುಣ್ಣಗೆ ಮಸೆದು ಕೊಡಿ. ನಾಟಿ ಕೋಳಿ ಸಾರೂ ಹಾಗೇ, ಬರೀ ಸಾರು ಕುಡಿದ್ರೆ ಸಾಲದು, ಮಾಂಸ ಕೈಮಾ ಮಾಡಿ ಮೆತ್ತಗೆ ಬೇಯಿಸಿ.

ನಾನು ಈಗಲೂ ಉಣ್ಣೋದು ಮಗುವಿನ ಬಟ್ಟಲಲ್ಲಿ, ಟೀ ಚಮಚದಲ್ಲಿ. ಒಂದು ಚಮಚ ಬಾಯಿಗಿಟ್ಟು, ಚಮಚ ಕೆಳಗಿಟ್ಟು, ಬಾಯಲ್ಲೇ ಅದು ಗಂಜಿಯಾಗೋವರೆಗೂ ಅಗಿದು ಆಮೇಲೆ ಇನ್ನೊಂದು. ಒಂದು ಇಡ್ಲಿಗೆ ಇಪ್ಪತ್ತು ನಿಮಿಷ ಹಿಡಿಯುತ್ತೆ. ಹೊಟ್ಟೆ ತುಂಬಿತು ಅಂತ ನನಗೆ ಗೊತ್ತಾಗೋದು ಬಿಕ್ಕಳಿಕೆಯಿಂದ, ಕೆಲವರಿಗೆ ಮೂಗು ಸೋರುತ್ತೆ. ಆ ಸೂಚನೆ ಬಂದ ಮೇಲೆ ಯಾರು ಎಷ್ಟೇ ಬಲವಂತ ಮಾಡಲಿ, ಇನ್ನೊಂದು ಚಮಚ ಬೇಡ.

ಬೀಗರೂಟ, ಹಬ್ಬ ಅಂದ್ರೆ ಪಾಯಸ, ಹೋಳಿಗೆ ಇದ್ದೇ ಇರುತ್ತೆ. ಸಕ್ಕರೆ ಒಮ್ಮೆಲೇ ಸಣ್ಣ ಕರುಳಿಗೆ ಇಳಿದ್ರೆ ಬೆವರು, ಎದೆ ಡವಡವ, ತಲೆಸುತ್ತು, ಭೇದಿ. ಡಂಪಿಂಗ್ ಅಂತಾರೆ. ಬೈಪಾಸ್ ಆದವರಿಗೆ ಜಾಸ್ತಿ, ಸ್ಲೀವ್ ಆದವರಿಗೂ ಆಗುತ್ತೆ. ಅತ್ತೆಯವರನ್ನ ಅಡುಗೆಯಿಂದ ದೂರ ಇಡಬೇಡಿ ಮತ್ತೆ. ಮೊಸರು ಬಸಿಯೋದು, ಕಾಳು ಮಸೆಯೋದು ಅವರೇ ಮಾಡಲಿ. ಮಗನಿಗೆ ಕೈಯಾರೆ ಮಾಡಿ ಹಾಕಬೇಕು ಅನ್ನೋ ಆಸೆ ಅವರಿಗಿರುತ್ತೆ.

ಮೈಸೂರಿನ ಡಯಟೀಷಿಯನ್:
ಅಕ್ಕ ಹೇಳಿದ್ದು ಸರಿ. ವಾಂತಿ ಬಗ್ಗೆ ಮಾತ್ರ ಹುಷಾರು. ಒಮ್ಮೆ ಆಗಿದ್ದಕ್ಕೆ ಹೆದರಬೇಡಿ, ಆದರೂ ಆಪರೇಷನ್ ಮಾಡಿದವರಿಗೆ ಫೋನ್ ಮಾಡಿ ತಿಳಿಸಿ. ಪದೇ ಪದೇ ಆದ್ರೆ, ನೀರೂ ನಿಲ್ಲದಿದ್ರೆ, ಕೈಕಾಲು ಜೋಮು ಹಿಡಿದು ನಡಿಗೆ ತಡವರಿಸಿದ್ರೆ, ಕಣ್ಣು ಮಂಜಾದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ. ವಿಟಮಿನ್ ಬಿ1 ಕೊರತೆ ಆಗಿರಬಹುದು, ತಡ ಮಾಡಿದ್ರೆ ನರಗಳಿಗೆ ಪೆಟ್ಟು. ಬಿ12, ಡಿ, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಬಿಡೋ ಹಾಗಿಲ್ಲ. ಕಬ್ಬಿಣದ್ದಕ್ಕೂ ಕ್ಯಾಲ್ಸಿಯಂದಕ್ಕೂ ನಡುವೆ 2 ಗಂಟೆ ಅಂತರ ಇರಲಿ, ಕಬ್ಬಿಣದ ಮಾತ್ರೆ ಜೊತೆ ಕಾಫಿ, ಟೀ ಬೇಡ. ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರೋಕೆ ಶುರುವಾಗಬಹುದು. ಪ್ರೋಟೀನ್ ಸರಿಯಾಗಿ ಹೋಗ್ತಿದ್ರೆ ಸಾಮಾನ್ಯವಾಗಿ ಮತ್ತೆ ಬರುತ್ತೆ.

ಮದ್ದೂರಿನವನು:
ಅಕ್ಕಾ, ತೋಟದ ವಿಷಯ ಯಾರೂ ಹೇಳಲಿಲ್ಲ, ನಾನೂ ಸ್ಲೀವ್ ಆದವನೇ. ಬಿಸಿಲಲ್ಲಿ ದುಡಿದು ಬಂದು ಚೊಂಬೆತ್ತಿ ಗಟಗಟ ಕುಡಿಯೋ ಅಭ್ಯಾಸ ಬಿಡಿಸಿ, ಈಗ ಅದು ನೋವು ಕೊಡುತ್ತೆ. ಬಾಟಲಿ ಜೊತೆಗಿರಲಿ, ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರ್ ಆದ್ರೂ ಹೋಗಬೇಕು, ಬಿಸಿಲಿದ್ರೆ ಇನ್ನೂ ಜಾಸ್ತಿ. ಊಟದ ಜೊತೆ ನೀರು ಬೇಡ, ಉಂಡು ಅರ್ಧ ಗಂಟೆ ಆದ ಮೇಲೆ. ಉಪ್ಪು ಹಾಕಿದ ನೀರು ಮಜ್ಜಿಗೆ ಒಳ್ಳೇದು, ಸೋಡಾ ಬೇಡವೇ ಬೇಡ. ಮಂಡಿ ನೋವು ಅಂತ ಮೆಡಿಕಲ್ ಶಾಪಲ್ಲಿ ಕೇಳಿ ನೋವಿನ ಮಾತ್ರೆ ನುಂಗೋದೂ ಬೇಡ, ಹೊಟ್ಟೆ ಹುಣ್ಣಾಗುತ್ತೆ. ಡಾಕ್ಟರನ್ನೇ ಕೇಳಿ.

ನಾಗಮಂಗಲದ ಸೊಸೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೆ ಓದಿ ಹೇಳ್ದೆ. ಬಟ್ಟೆಯಲ್ಲಿ ಮೊಸರು ಕಟ್ಟಿ ಆಗಲೇ ಮೊಳೆಗೆ ನೇತುಹಾಕಿದ್ದಾರೆ. ಅವರದೇ ಒಂದು ಪ್ರಶ್ನೆ: ಅವರೆಕಾಯಿ ಕಾಲ, ಹಿತಕಿದ ಬೇಳೆ ಕೊಡಬಹುದಾ?

ಹಾಸನದ ಅಕ್ಕ:
ಕೊಡಬಹುದು, ಸಿಪ್ಪೆ ಹೋಗಿರೋದರಿಂದ ಮೆತ್ತಗಾಗುತ್ತೆ. ಖಾರ, ಕಾಯಿ ಕಮ್ಮಿ ಹಾಕಿ, ಚೆನ್ನಾಗಿ ಮಸೆದು, ಮೊದಲ ದಿನ ಎರಡು ಚಮಚ ಮಾತ್ರ. ಗ್ಯಾಸ್ ಆಗಬಹುದು, ಹಾಗಾಗಿ ರಾತ್ರಿ ಬೇಡ, ಮಧ್ಯಾಹ್ನ ಕೊಟ್ಟು ನೋಡಿ.