ಸಹಾಯ ಬೇಕು: ಕಿಂಗ್ಸ್ ಡೇ ದಿನವೇ ಅಪ್ಪ ಅಮ್ಮ ಆಮ್‌ಸ್ಟರ್‌ಡ್ಯಾಮ್‌ಗೆ ಇಳಿಯುತ್ತಿದ್ದಾರೆ

ಎಲ್ಲರಿಗೂ ನಮಸ್ಕಾರ. ನಾವು ಇರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಅಪ್ಪ ಅಮ್ಮ ಮೊದಲ ಸಲ ಹಾಸನದಿಂದ ಬರುತ್ತಿದ್ದಾರೆ. ಟಿಕೆಟ್ ಮಾಡುವಾಗ ನಾನು ತಾರೀಖನ್ನು ಸರಿಯಾಗಿ ಗಮನಿಸಲಿಲ್ಲ. ಏಪ್ರಿಲ್ 27ರ ಬೆಳಿಗ್ಗೆ ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ಇಳಿಯುತ್ತಾರೆ. ಅವತ್ತು ರಾಜನ ಹುಟ್ಟುಹಬ್ಬ, ಇಡೀ ನೆದರ್‌ಲ್ಯಾಂಡ್ಸ್‌ಗೆ ರಜೆ.

ಬೇರೆ ದಿನವಾದರೆ ಚಿಂತೆ ಇರಲಿಲ್ಲ. ಸ್ಕಿಪೋಲ್‌ನಿಂದ ನೇರ ರೈಲಿದೆ, ಸುಮಾರು ಒಂದೂವರೆ ಗಂಟೆ. ಆದರೆ ಅದು ಉಟ್ರೆಕ್ಟ್ ನಗರದ ಮೇಲೆ ಬರುತ್ತದೆ. ಅಲ್ಲಿ ಕಿಂಗ್ಸ್ ಡೇಗೆ ನಡೆಯುವ ರಸ್ತೆ ಬದಿಯ ಹಳೇ ಸಾಮಾನಿನ ಸಂತೆ ಹಿಂದಿನ ದಿನ ಸಂಜೆಯೇ ಶುರುವಾಗುತ್ತದೆ ಅಲ್ವಾ? ಒಮ್ಮೆ ಅದೇ ದಿನ ನಾನು ರೈಲಲ್ಲಿ ಬಂದಿದ್ದೆ. ಎಲ್ಲರೂ ಕಿತ್ತಳೆ ಬಟ್ಟೆ, ಕಾಲಿಡಲು ಜಾಗವಿಲ್ಲ, ದಾರಿಯುದ್ದಕ್ಕೂ ಬಾಗಿಲ ಹತ್ತಿರವೇ ನಿಂತಿದ್ದೆ. ಅಮ್ಮನಿಗೆ ಮಂಡಿ ನೋವು, ಹತ್ತು ನಿಮಿಷ ನಿಲ್ಲುವುದೂ ಕಷ್ಟ. ಜೊತೆಗೆ ನಾಲ್ಕು ದೊಡ್ಡ ಸೂಟ್‌ಕೇಸ್. ಉಪ್ಪಿನಕಾಯಿ, ಚಟ್ನಿಪುಡಿ ಎಲ್ಲ ತುಂಬಿಕೊಂಡೇ ಬರುತ್ತಾರೆ!

ನಮ್ಮ ಹತ್ತಿರ ಕಾರಿಲ್ಲ. ಬೆಳಿಗ್ಗೆ ಒಂಬತ್ತರ ಒಳಗಿನ ರೈಲು ಹಿಡಿದರೆ ಕೂರಲು ಸೀಟು ಸಿಗಬಹುದಾ? ಇಲ್ಲ ಬಾಡಿಗೆ ಕಾರೇ ವಾಸಿಯಾ? ಅವತ್ತು ಹೆದ್ದಾರಿ ಹೇಗಿರುತ್ತದೆ? ಸ್ಕಿಪೋಲ್ ಹತ್ತಿರವೇ ಒಂದು ರಾತ್ರಿ ಉಳಿದು, ಮಾರನೇ ದಿನ ಲಿಸ್ಸೆಯ ಕ್ಯೂಕೆನ್‌ಹಾಫ್ ತೋಟದಲ್ಲಿ ಟ್ಯೂಲಿಪ್ ತೋರಿಸಿ ಕರೆತರಬಹುದು ಅಂತಲೂ ಯೋಚನೆ ಇದೆ. ಅಮ್ಮನಿಗೆ ಹೂವೆಂದರೆ ಪ್ರಾಣ. ಆದರೆ ಪ್ರಯಾಣದ ಸುಸ್ತಿನಲ್ಲಿ ಅದು ಜಾಸ್ತಿಯಾಗುತ್ತದಾ?

ವಯಸ್ಸಾದವರನ್ನು ಆ ದಿನ ಕರೆತಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.