ಹಿಂದೆ ಕೂರುವವರಿಗೆ ಸುಖವಾಗಿರುವ ಕಾರು ಯಾವುದು?

ಒಬ್ಬನೇ ಡ್ರೈವರ್

ಎಲ್ಲರಿಗೂ ನಮಸ್ಕಾರ. ಈಗಿರುವ ಕಾರು ಬದಲಾಯಿಸಬೇಕು ಅಂತಿದ್ದೇನೆ. ಮನೆಯಲ್ಲಿ ಓಡಿಸುವವನು ನಾನೊಬ್ಬನೇ. ಹಿಂದೆ ಅಮ್ಮ, ಹೆಂಡತಿ, ಏಳು ವರ್ಷದ ಮಗಳು ಕೂರುತ್ತಾರೆ. ಅಮ್ಮನಿಗೆ ಸೊಂಟದ ಡಿಸ್ಕ್ ತೊಂದರೆ ಇದೆ. ಸ್ವಲ್ಪ ದೂರ ಹೋದರೂ ಇಳಿಯುವಾಗ ಬಾಗಿಲು ಹಿಡಿದುಕೊಂಡು ಹಾಗೇ ನಿಂತುಬಿಡುತ್ತಾರೆ. ಮಗಳಿಗೆ ತಿರುವು ಶುರುವಾದರೆ ಸಾಕು, ವಾಂತಿ. ಕವರ್ ಕೈಯಲ್ಲಿ ಹಿಡಿದೇ ಹತ್ತುತ್ತಾಳೆ, ಪಾಪ.

ಈಗಿನದು ಹ್ಯಾಚ್‌ಬ್ಯಾಕ್. ಓಡಿಸುವುದಕ್ಕೆ ನನಗೇನೂ ತೊಂದರೆ ಇಲ್ಲ. ಹಿಂದಿನವರು ಮಾತ್ರ ದಾರಿಯುದ್ದಕ್ಕೂ "ಮೆಲ್ಲಗೆ, ಮೆಲ್ಲಗೆ" ಅಂತಲೇ ಇರುತ್ತಾರೆ. ಷೋರೂಮಲ್ಲಿ ಕೇಳಿದರೆ ಯಾವ ಕಾರು ತೋರಿಸಿದರೂ "ತುಂಬಾ ಕಂಫರ್ಟ್ ಸರ್". ಪಿಕಪ್, ಸನ್‌ರೂಫ್, ದೊಡ್ಡ ಸ್ಕ್ರೀನ್ ಯಾವುದೂ ನನಗೆ ಬೇಡ. ಹಿಂದೆ ಕೂತವರ ಮೈ ಕುಲುಕಬಾರದು, ಅಷ್ಟೇ. ಎಸ್‌ಯುವಿ ತಗೊಳ್ಳಲೋ, ಸೆಡಾನ್ ತಗೊಳ್ಳಲೋ? ಟೆಸ್ಟ್ ಡ್ರೈವಲ್ಲಿ ಏನು ನೋಡಬೇಕು?

ಎತ್ತರ ಇಷ್ಟ

ಯೋಚನೆನೇ ಬೇಡ ಸರ್, ದೊಡ್ಡ ಎಸ್‌ಯುವಿ ತಗೊಳ್ಳಿ. ಗುಂಡಿಗೆ ಇಳಿದರೂ ಗೊತ್ತಾಗಲ್ಲ. ತಗೊಳ್ಳೋದೇ ಆದರೆ ಟಾಪ್ ಮಾಡೆಲ್, ದೊಡ್ಡ ಅಲಾಯ್ ವೀಲ್ ಇರೋದು. ನೋಡೋಕೂ ಗತ್ತು!

ಬುಷ್ ಬೇರಿಂಗ್

ಟಾಪ್ ಮಾಡೆಲ್ ಮಾತು ಸ್ವಲ್ಪ ಪಕ್ಕಕ್ಕಿರಲಿ. ನಾನು ಸಸ್ಪೆನ್ಷನ್ ಕೆಲಸದವನು, ದಿನದ ಅರ್ಧ ಭಾಗ ಕಾರಿನ ಅಡಿಯಲ್ಲೇ ಕಳೆಯುತ್ತೇನೆ.

ಸರ್, ನೀವು ಕೇಳಿರುವುದು ಒಂದು ಪ್ರಶ್ನೆ ಅಲ್ಲ, ಎರಡು. ಅಮ್ಮನ ತೊಂದರೆ ಬೇರೆ, ಮಗಳ ತೊಂದರೆ ಬೇರೆ. ಕೂತ ಮನುಷ್ಯನ ಮೈಗೆ ಮೇಲೆ ಕೆಳಗೆ ಆಗುವ ಅದುರಾಟದಲ್ಲಿ ಹೆಚ್ಚು ತಾಗುವುದು ಸೆಕೆಂಡಿಗೆ 4ರಿಂದ 8 ಸಲ ಆಗುವಂಥದ್ದು. ಸೊಂಟ ನೋಯುವುದು ಇದರಲ್ಲಿ. ವಾಂತಿ ತರಿಸುವುದು ಸೆಕೆಂಡಿಗೆ ಅರ್ಧ ಸಲವೂ ಆಗದ ನಿಧಾನದ ತೂಗಾಟ. ಮೈ ಅದುರಾಟವನ್ನು ಅಳೆಯುವ ಐಎಸ್‌ಒ 2631 ಮಾನದಂಡದಲ್ಲೂ ಇವೆರಡಕ್ಕೆ ಬೇರೆ ಬೇರೆ ಲೆಕ್ಕವೇ ಇದೆ. ಕಾರಿನ ಸ್ಪ್ರಿಂಗ್ ತನ್ನ ಪಾಡಿಗೆ ಏಳುವುದು ಬೀಳುವುದು ಇವೆರಡರ ನಡುವೆ, ಸೆಕೆಂಡಿಗೆ ಸುಮಾರು 1ರಿಂದ 1.5 ಸಲ. ಹಾಗಾಗಿ "ಮೆತ್ತಗಿದೆ" ಅನ್ನುವ ಒಂದೇ ಮಾತಿಗೆ ಮರುಳಾಗಬೇಡಿ. ತೀರಾ ಮೆತ್ತಗಿರುವ ಕಾರು ತಿರುವಿನಲ್ಲಿ ವಾಲುತ್ತದೆ, ಬ್ರೇಕ್ ಹಾಕಿದರೆ ಮೂತಿ ಬಗ್ಗಿಸುತ್ತದೆ. ಅಮ್ಮ ಖುಷಿ, ಮಗಳು ಕವರ್ ಕೇಳುತ್ತಾಳೆ.

ಅಮ್ಮನಿಗಾಗಿ ನೋಡುವುದಾದರೆ ಟೈರಿನಿಂದ ಶುರು ಮಾಡಿ. ಒಂದೇ ಕಾರಿನ ಕೆಳಗಿನ ವೇರಿಯಂಟಲ್ಲಿ 205/55 ಆರ್16, ಮೇಲಿನದರಲ್ಲಿ 225/40 ಆರ್18 ಬರುವುದುಂಟು. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಸೈಡ್‌ವಾಲ್ (ರಿಮ್ಮಿನ ಹೊರಗಿನ ರಬ್ಬರ್ ಗೋಡೆ) ಎತ್ತರ ಅಂತ. ಆರ್ ಪಕ್ಕದ್ದು ರಿಮ್ಮಿನ ಅಳತೆ, ಇಂಚಲ್ಲಿ. ಗುಣಿಸಿ ನೋಡಿ: ಮೊದಲನೆಯದಕ್ಕೆ 113 ಮಿ.ಮೀ., ಎರಡನೆಯದಕ್ಕೆ 90. ಹೊರಗಿನ ಅಳತೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಅಂದರೆ ಗಾಳಿ ಇರಬೇಕಾದ 23 ಮಿ.ಮೀ. ಜಾಗದಲ್ಲಿ ಲೋಹ ಬಂದು ಕೂತಿದೆ. ಸಾಲದ್ದಕ್ಕೆ ದೊಡ್ಡ ವೀಲು ಸಾಮಾನ್ಯವಾಗಿ ಭಾರವೂ ಜಾಸ್ತಿ. ಆ ಭಾರ ಸ್ಪ್ರಿಂಗಿನ ಕೆಳಗೆ ಇರುವುದರಿಂದ ಪ್ರತಿ ಕಿತ್ತ ಡಾಂಬರಿಗೂ ಟಕ್ ಟಕ್ ಅಂತ ಮೇಲಕ್ಕೆ ಸುದ್ದಿ ಕಳಿಸುತ್ತದೆ. ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರ್ ಆದರೆ ಸೈಡ್‌ವಾಲ್ ಇನ್ನೂ ಗಟ್ಟಿ. ಅದಂತೂ ನಿಮಗೆ ಬೇಡವೇ ಬೇಡ.

ಆಮೇಲೆ ಹಿಂದೆ ಹೋಗಿ, ಮಂಡಿಯೂರಿ ಕಾರಿನ ಅಡಿ ನೋಡಿ. ಎರಡು ಗಾಲಿಯ ನಡುವೆ ಒಂದೇ ದಪ್ಪ ಅಡ್ಡಪಟ್ಟಿ ಇದ್ದರೆ ಟಾರ್ಷನ್ ಬೀಮ್. ಒಂದೊಂದು ಗಾಲಿಗೂ ಬೇರೆ ಬೇರೆ ಮೂರು ನಾಲ್ಕು ಕೈಗಳಿದ್ದರೆ ಮಲ್ಟಿಲಿಂಕ್. ಎಡಗಾಲಿ ಗುಂಡಿಗೆ ಬಿದ್ದಾಗ ಬಲಗಾಲಿಯನ್ನು ಅದರ ಪಾಡಿಗೆ ಬಿಡುವುದರಲ್ಲಿ ಮಲ್ಟಿಲಿಂಕ್ ಮೇಲು. ಕಾರಿನ ಹೆಸರು ಕೇಳಿ ಇದನ್ನು ಊಹಿಸಲು ಹೋಗಬೇಡಿ. ಏಳನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್‌ನಲ್ಲಿ ಕಡಿಮೆ ಪವರಿನ ಎಂಜಿನ್‌ಗೆ ಬೀಮ್, ಜಾಸ್ತಿ ಪವರಿನದಕ್ಕೆ ಮಲ್ಟಿಲಿಂಕ್ ಇತ್ತು. ಹಾಗಂತ ಬೀಮ್ ಅಂದ ಕೂಡಲೇ ಬಿಟ್ಟುಬರಬೇಡಿ. ಚೆನ್ನಾಗಿ ಹೊಂದಿಸಿದ ಬೀಮ್, ಕೆಟ್ಟದಾಗಿ ಹೊಂದಿಸಿದ ಮಲ್ಟಿಲಿಂಕ್‌ಗಿಂತ ಎಷ್ಟೋ ವಾಸಿ.

ಎಸ್‌ಯುವಿ ವಿಷಯ. ಎತ್ತರ ಕೂತಷ್ಟೂ ತಲೆ ಪಕ್ಕಕ್ಕೆ ಓಲಾಡುವುದು ಜಾಸ್ತಿ. ಗಾಡಿ ವಾಲದ ಹಾಗೆ ಕಂಪನಿಯವರು ಗಟ್ಟಿ ಆಂಟಿ ರೋಲ್ ಬಾರ್, ಅಂದರೆ ಎಡ ಬಲ ಗಾಲಿಗಳನ್ನು ಜೋಡಿಸುವ ಉಕ್ಕಿನ ಸರಳು, ಹಾಕುತ್ತಾರೆ. ಆಗ ಒಂದೇ ಬದಿಯ ಗಾಲಿ ಏರಿದರೂ ಇಡೀ ಬಾಡಿ ಅಡ್ಡಡ್ಡ ಎಳೆದಂತಾಗುತ್ತದೆ. ಲಾರಿಯ ಹಾಗೆ ಏಣಿಯಂಥ ಚಾಸಿ ಮೇಲೆ ಬಾಡಿ ಕೂರಿಸಿದ ಲ್ಯಾಡರ್ ಫ್ರೇಮ್ ಗಾಡಿಗಳಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಹತ್ತಿ ಇಳಿಯುವುದಕ್ಕೆ ಎತ್ತರ ಒಳ್ಳೆಯದೇ. ಆದರೆ ಅಮ್ಮನ ಸೊಂಟದ ಮಟ್ಟಕ್ಕೆ ಸೀಟ್ ಬಂದರೆ ಸಾಕು. ತಿರುಗಿ ಕೂತು ಕಾಲು ಒಳಗೆ ಎಳೆದುಕೊಳ್ಳುವಂತಿರಬೇಕು. ಅದಕ್ಕಿಂತ ಮೇಲಿದ್ದರೆ ಹತ್ತುವುದೇ ಒಂದು ಶಿಕ್ಷೆ.

ಒಬ್ಬನೇ ಡ್ರೈವರ್

ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಸೀಟ್ ಬಗ್ಗೆ ಏನಾದರೂ? ಮತ್ತೆ ಮಗಳದ್ದು?

ಬುಷ್ ಬೇರಿಂಗ್

ಹಿಂದಿನ ಸೀಟಲ್ಲಿ ಕೂತಾಗ ಅಮ್ಮನ ತೊಡೆ ಪೂರ್ತಿ ಸೀಟಿಗೆ ತಾಗುತ್ತಿದೆಯಾ ನೋಡಿ. ಮೊಣಕಾಲು ಮೇಲೆದ್ದು, ತೊಡೆಯ ಕೆಳಗೆ ನಿಮ್ಮ ಅಂಗೈ ಸಲೀಸಾಗಿ ಹೋಗುವಂತಿದ್ದರೆ ಮೈಭಾರವೆಲ್ಲ ಬೆನ್ನಿನ ಬುಡದ ಮೇಲೇ ಬೀಳುತ್ತಿದೆ ಅಂತ. ಸಸ್ಪೆನ್ಷನ್ ಎಷ್ಟೇ ಒಳ್ಳೆಯದಿದ್ದರೂ ಆ ಸೀಟಲ್ಲಿ ಸೊಂಟ ಉಳಿಯುವುದಿಲ್ಲ. ಕೆಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಅಡಿಯಲ್ಲಿ ಬ್ಯಾಟರಿ ಇರುವುದರಿಂದ ನೆಲ ಮೇಲೆ ಬಂದಿರುತ್ತದೆ, ಅಲ್ಲಿ ಇದನ್ನು ಮರೆಯದೆ ನೋಡಿ. ಮೂರನೇ ಸಾಲಿನ ಸೀಟು ಹಿಂದಿನ ಆಕ್ಸೆಲ್ ಮೇಲೆಯೇ ಕೂತಿರುತ್ತದೆ, ಅಮ್ಮನನ್ನು ಅಲ್ಲಿಗೆ ಕಳಿಸಬೇಡಿ.

ಮಗಳ ವಿಷಯ ಹೆತ್ತವರು ಯಾರಾದರೂ ಹೇಳಲಿ.

ಕಿಟಕಿ ಪಕ್ಕ

ನಾನು ಹೇಳುತ್ತೇನೆ. ನಮ್ಮ ಮಗನಿಗೂ ಇದೇ ಗೋಳಿತ್ತು. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೇ ಇದು ಜಾಸ್ತಿ. ಕಣ್ಣಿಗೆ ಕಾರಿನ ಒಳಗು ಅಲುಗಾಡದೆ ಕಾಣುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಮಾತ್ರ "ತಿರುಗುತ್ತಿದ್ದೇವೆ" ಅನ್ನುತ್ತದೆ. ಈ ಜಗಳ ಹೊಟ್ಟೆಗೆ ಬರುತ್ತದೆ. ನಿಮಗೆ ಯಾಕೆ ಏನೂ ಆಗಲ್ಲ ಅಂದರೆ ಸ್ಟೀರಿಂಗ್ ನಿಮ್ಮ ಕೈಯಲ್ಲಿದೆ. ಮುಂದಿನ ತಿರುವು ಮೈಗೆ ಮೊದಲೇ ಗೊತ್ತು.

ಕಾರು ಆರಿಸುವಾಗ ನೋಡಬೇಕಾದ್ದು ಕಿಟಕಿ. ಈಗಿನ ಎಷ್ಟೋ ಕಾರುಗಳಲ್ಲಿ ಕಿಟಕಿಯ ಕೆಳಅಂಚು ಹಿಂದೆ ಹೋಗ್ತಾ ಹೋಗ್ತಾ ಮೇಲೇರುತ್ತದೆ. ಹೊರಗಿನಿಂದ ಸ್ಟೈಲು. ಒಳಗೆ ಕೂತ ಮಗುವಿಗೆ ಕಾಣುವುದು ಬಾಗಿಲಿನ ಪ್ಲಾಸ್ಟಿಕ್ ಮತ್ತು ಮುಂದಿನ ಸೀಟಿನ ಬೆನ್ನು. ನಿಮ್ಮ ಮಗಳನ್ನು ಅವಳ ಬೂಸ್ಟರ್ ಸೀಟಿನ ಸಮೇತ ಕೂರಿಸಿ, "ಏನು ಕಾಣ್ತಿದೆ ಹೇಳು" ಅಂತ ಕೇಳಿ. ರಸ್ತೆ ಅಂದರೆ ಪಾಸು, ಆಕಾಶ ಅಂದರೆ ಫೇಲು.

ಇನ್ನು ಫೋನ್, ಪುಸ್ತಕ ಕೈಗೆ ಕೊಡಬೇಡಿ. ಎಲೆಕ್ಟ್ರಿಕ್ ಕಾರು ನೋಡುತ್ತಿದ್ದರೆ ರಿಜನರೇಟಿವ್ ಬ್ರೇಕಿಂಗ್ (ಮೋಟಾರೇ ವೇಗ ಇಳಿಸುತ್ತಾ ಬ್ಯಾಟರಿ ಚಾರ್ಜ್ ಮಾಡುವುದು) ಕಡಿಮೆ ಮಾಡಿಕೊಳ್ಳಲು ಬರುತ್ತಾ ಕೇಳಿ. ಆಕ್ಸಿಲರೇಟರಿಂದ ಕಾಲು ತೆಗೆದಾಗಲೆಲ್ಲ ಕಾರು ಹಿಂದಕ್ಕೆ ಎಳೆದಂತಾದರೆ ಹಿಂದೆ ಕೂತವರ ಹೊಟ್ಟೆ ಕಲಸುತ್ತದೆ. ಓಡಿಸುವ ಗಂಡಸರಿಗೆ ಅದು ಗೊತ್ತೇ ಆಗಲ್ಲ ಬಿಡಿ.

ಹಳೇ ಗಾಡಿ ಹುಚ್ಚ

ಕಂಫರ್ಟ್ ಅಂದಮೇಲೆ ಸಿಟ್ರೊಯೆನ್ ಹೆಸರು ಯಾರೂ ಎತ್ತಲಿಲ್ಲವಲ್ಲ! ಉತ್ತ ಹೊಲದಲ್ಲಿ ಮೊಟ್ಟೆ ಬುಟ್ಟಿ ಇಟ್ಟುಕೊಂಡು ಹೋದರೂ ಒಂದೂ ಒಡೆಯಬಾರದು ಅಂತಲೇ 2ಸಿವಿ ಕಾರನ್ನು ರೂಪಿಸಿದ್ದು, 1948ರಲ್ಲಿ ಜನರಿಗೆ ತೋರಿಸಿದ್ದು. 1955ರ ಡಿಎಸ್‌ನಲ್ಲಂತೂ ಉಕ್ಕಿನ ಸ್ಪ್ರಿಂಗ್ ಬದಲು ನೈಟ್ರೋಜನ್ ಗ್ಯಾಸು, ಎಣ್ಣೆ ತುಂಬಿದ ಗುಂಡುಗಳು. ಅವರ ಈಚಿನ ಕೆಲವು ಕಾರುಗಳ ಶಾಕ್ ಅಬ್ಸಾರ್ಬರ್ ಒಳಗೆ ಎರಡೂ ತುದಿಗೆ ಹೈಡ್ರಾಲಿಕ್ ಕುಷನ್ ಇದೆ. ಹಂಪ್ ಮೇಲೆ ಹೋದಾಗ ಕೊನೆಯಲ್ಲಿ ದಡಕ್ ಅನ್ನುವುದಿಲ್ಲ. ಸಿಕ್ಕಿದರೆ ಒಮ್ಮೆ ಕೂತು ನೋಡಿ.

ಬುಷ್ ಬೇರಿಂಗ್

ನನಗೂ ಅವು ಇಷ್ಟ. ಆದರೆ ಅದೇ 2ಸಿವಿ ತಿರುವಿನಲ್ಲಿ ಎಷ್ಟು ವಾಲುತ್ತದೆ ಅಂತಲೂ ಹೇಳಿ ಸ್ವಾಮಿ. ಮೊಟ್ಟೆಗೆ ವಾಂತಿ ಬರಲ್ಲ.

ಒಬ್ಬನೇ ಡ್ರೈವರ್

ಮನೆಮಂದಿಯೆಲ್ಲ ಹೋಗಿ ಎರಡು ಕಾರು ನೋಡಿ ಬಂದೆವು. ಎಸ್‌ಯುವಿಯಲ್ಲಿ ಮಗಳು "ಮೋಡ ಕಾಣ್ತಿದೆ" ಅಂದಳು. ಸೆಡಾನಲ್ಲಿ ರಸ್ತೆ ಕಂಡಿತು, ಆದರೆ ಅಮ್ಮನಿಗೆ ಇಳಿದು ಕೂರುವುದು ಕಷ್ಟ. ಇವೆರಡರ ನಡುವಿನ ಎತ್ತರದ ಇನ್ನೊಂದು ಕಾರು ಇದೆ, ನಾಳೆ ಅದನ್ನು ಓಡಿಸಿ ನೋಡುತ್ತೇನೆ. ಒಂದು ಅನುಮಾನ: ಟೆಸ್ಟ್ ಡ್ರೈವ್ ಕಾರು ಸಣ್ಣ ಉಬ್ಬುತಗ್ಗಿಗೂ ಜಿಗಿಯುತ್ತಿತ್ತು. ಕಾರೇ ಹಾಗಾ?

ಬುಷ್ ಬೇರಿಂಗ್

ಮೊದಲು ಗಾಳಿ ಚೆಕ್ ಮಾಡಿಸಿ. ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ. ಕಡಿಮೆ ಜನಕ್ಕೆ ಎಷ್ಟು, ಫುಲ್ ಲೋಡಿಗೆ ಎಷ್ಟು ಅಂತ ಅದರಲ್ಲೇ ಬರೆದಿರುತ್ತಾರೆ. ಹೊಸ ಕಾರುಗಳನ್ನು ನಿಲ್ಲಿಸಿಡುವಾಗ ಟೈರ್ ಒಂದೇ ಕಡೆ ಚಪ್ಪಟೆ ಆಗದಿರಲಿ ಅಂತ ಜಾಸ್ತಿ ಗಾಳಿ ತುಂಬಿರುತ್ತಾರೆ. ಅದನ್ನು ಇಳಿಸದೇ ಓಡಿಸಲು ಕೊಡುವುದು ಮಾಮೂಲಿ.

ನಾಳೆ ಹೋಗುವಾಗ ಎಲ್ಲರನ್ನೂ ಕರೆದುಕೊಂಡು ಹೋಗಿ. ಹಿಂದಿನ ಸ್ಪ್ರಿಂಗ್ ಲೋಡಿಗೆ ಅಂತ ಮಾಡಿದ್ದು, ಖಾಲಿ ಕಾರಲ್ಲಿ ಅದು ಗಟ್ಟಿ ಅನಿಸುತ್ತದೆ. ಸ್ಟೀರಿಂಗ್ ಬೇರೆಯವರಿಗೆ ಕೊಟ್ಟು ನೀವು ಹಿಂದೆ, ಅಮ್ಮನ ಜಾಗದಲ್ಲಿ ಕೂತು ನೋಡಿ. ಕಿತ್ತುಹೋದ ರಸ್ತೆಯಲ್ಲಿ 20–30 ವೇಗದಲ್ಲಿ ಒಂದು ಸಲ. ಆಮೇಲೆ ಹಂಪ್, ಒಂದೇ ಗಾಲಿ ಗುಂಡಿಗೆ ಇಳಿಯುವ ಜಾಗ, ಒಂದು ಉದ್ದನೆಯ ತಿರುವು. ಹಂಪ್ ದಾಟಿದ ಮೇಲೆ ಕಾರು ಒಂದು ಸಲ ಎದ್ದು ಕೂರಬೇಕು. ಮತ್ತೆ ಮತ್ತೆ ತೇಲುತ್ತಿದ್ದರೆ ಬೇಡ.

ಒಬ್ಬನೇ ಡ್ರೈವರ್

ಮೂರನೇ ಕಾರು ಎಲ್ಲರಿಗೂ ಒಪ್ಪಿಗೆ ಆಯ್ತು. ಓಡಿಸಿದ್ದು 16 ಇಂಚಿನ ವೀಲಿನದು. ಈಗ ಅದು ಸ್ಟಾಕ್ ಇಲ್ಲ, 18ರದು ತಗೊಂಡು ಆಮೇಲೆ ಬದಲಾಯಿಸಿಕೊಳ್ಳಿ ಅನ್ನುತ್ತಿದ್ದಾರೆ. ಮಾಡಬಹುದಾ?

ಬುಷ್ ಬೇರಿಂಗ್

ಕಾಯುವಷ್ಟು ಟೈಮ್ ಇದ್ದರೆ 16ಕ್ಕೇ ಕಾಯಿರಿ. ಆಗಲ್ಲ ಅಂದರೆ ಆ ವೇರಿಯಂಟಿನ ಕೈಪಿಡಿಯಲ್ಲಿ 16 ಇಂಚಿನ ಅಳತೆಯೂ ಇದೆಯಾ ನೋಡಿ. ಕೆಲವು ಮೇಲಿನ ವೇರಿಯಂಟಲ್ಲಿ ಬ್ರೇಕ್ ಡಿಸ್ಕೇ ದೊಡ್ಡದಿರುತ್ತದೆ, ಚಿಕ್ಕ ವೀಲು ಅದರ ಮೇಲೆ ಕೂರುವುದೇ ಇಲ್ಲ. ಕೈಪಿಡಿಯಲ್ಲಿ 16 ಇದ್ದರೆ ಸಹಿ ಹಾಕುವ ಮೊದಲೇ ಅವರಿಂದಲೇ ಬದಲಾಯಿಸಿ ಕೊಡಲು ಹೇಳಿ. ಟೈರ್ ಮೇಲಿನ ಲೋಡ್ ಇಂಡೆಕ್ಸ್ ಕೂಡ ನೋಡಿಕೊಳ್ಳಿ, 91 ಅಂದರೆ ಒಂದು ಟೈರಿಗೆ 615 ಕೆ.ಜಿ. ಕಂಪನಿ ಹೇಳಿದ್ದಕ್ಕಿಂತ ಅದು ಕಡಿಮೆ ಆಗಬಾರದು.